ಅಕ್ಕನ ಸರದಿ

ಬೇಕರಿಯಿಂದ ಬಂದೊಡನೆ ಅವನು ಕೈ ತೊಳೆದು ಮಗಳನ್ನು ಎತ್ತಿಕೊಳ್ಳುತ್ತಿದ್ದ. ಎಷ್ಟು ಉಜ್ಜಿದರೂ ಉಗುರಿನ ಸಂದಿಯಲ್ಲಿ ಹಿಟ್ಟು ಉಳಿಯುತ್ತಿತ್ತು. ಕೂಸು ಆ ಬೆರಳನ್ನೇ ಚೀಪುತ್ತಿತ್ತು. ಹೆತ್ತವಳು ಹೆರಿಗೆಯಲ್ಲೇ ಕಣ್ಣುಮುಚ್ಚಿದ್ದಳು.

ಅವನೂ ಅವಳೂ ಒಂದೇ ಕೋಣೆಯಲ್ಲಿ ಬಾಳಿದ್ದರು, ಮದುವೆ ಮಾತ್ರ ಆಗಿರಲಿಲ್ಲ. "ದೊಡ್ಡವಳು ಮನೇಲಿರುವಾಗ ಚಿಕ್ಕವಳ ಮದುವೆಯಾದ್ರೆ ದೊಡ್ಡವಳನ್ನ ಯಾರು ಕೇಳ್ತಾರೆ? ಬಸುರಿ ಅಂತ ಯಾರಿಗೂ ಗೊತ್ತಾಗದ ಹಾಗೆ ಎಲ್ಲಾದ್ರೂ ಇದ್ಕೊಳ್ಳಿ. ಮದುವೆಗೆ ಸ್ವಲ್ಪ ತಡೀರಿ," ಎಂದಿದ್ದ ಅವಳ ಅಪ್ಪ. ತಡೆದರು. ಹಿರಿಯರ ಮಾತಿಗೆ ಬೆಲೆ ಕೊಟ್ಟದ್ದೇ ತಪ್ಪಾಯಿತು.

ಎರಡು ದಿನ ಇಟ್ಟುಕೊಳ್ಳುತ್ತೇವೆಂದು ಕೂಸನ್ನು ಒಯ್ದ ಅವಳ ಅಪ್ಪ ಅಮ್ಮ ಮರಳಿಸಲಿಲ್ಲ. ಅವನು ಠಾಣೆಗೆ ಓಡಿದ.

"ಮದುವೆ ಆಗಿಲ್ವಾ? ಹಾಗಾದ್ರೆ ಅಪ್ಪ ಅಂತ ಹೇಗಪ್ಪಾ ನಂಬೋದು? ಕೋರ್ಟಿಗೆ ಹೋಗು. ಅವರ ಮನೆಯೋರೇ ಒಬ್ಬರು ಸಾಕ್ಷಿ ಹೇಳಿದ್ರೆ ಒಳ್ಳೇದು."

ಹಾಲೂಡಿದವನಿಗೆ, ಹೇಲುಚ್ಚೆ ಬಳಿದವನಿಗೆ ಅಪ್ಪನೆನಿಸಿಕೊಳ್ಳಲು ಮದುವೆ ಬೇಕಂತೆ! ಆ ಮದುವೆಗೆ ಅಕ್ಕನ ಸರದಿ ಮುಗಿಯಬೇಕಂತೆ!

ಅವನು ಮತ್ತೆ ಆ ಮನೆಯ ಬಾಗಿಲಿಗೇ ಹೋದ. "ಮಾವ, ಮಗು ಕೊಟ್ಬಿಡಿ."

"ಯಾವ ಸೀಮೆ ಮಾವನೋ ನಾನು? ಮದುವೆ ಊಟ ಹಾಕ್ಸಿದ್ಯಾ? ನನ್ನ ಮಗ ನಾಳೆ ಬಂದು ಕರ್ಕೊಂಡು ಹೋಗ್ತಾನೆ. ಅವನಿಗೆ ಮಕ್ಕಳಿಲ್ಲ, ಅವನ ಮಗಳಾಗೇ ಬೆಳೀಲಿ."

"ಮದುವೆ ಬೇಡ ಅಂದೋರು ನೀವೇ ಅಲ್ವಾ?"

"ಬೇಡ ಅಂದ್ನಾ? ತಡೀರಿ ಅಂದೆ!"

ಒಳಗೆ ಕೂಸು ಕೆಮ್ಮಿತು. "ಮಲಗಿಸ್ಬೇಡಿ ಅತ್ತೆ, ಎದೆಗೆ ಒರಗಿಸ್ಕೊಂಡು ಬೆನ್ನು ನೀವಿ!" ಎಂದು ಹೊಸ್ತಿಲಾಚೆಯಿಂದಲೇ ಕೂಗಿ ಅವನು ಮುದುಕನ ಕಾಲು ಹಿಡಿದ.

ಕೂಸನ್ನು ಎದೆಗೊರಗಿಸಿಕೊಂಡು ಬಂದವಳು ಅತ್ತೆಯಲ್ಲ, ದೊಡ್ಡ ಮಗಳು. "ಅಪ್ಪಾ, ನನ್ನ ಹೆಸರು ಹೇಳ್ಕೊಂಡು ತಂಗಿ ಮದುವೆ ತಪ್ಪಿಸಿದ್ರಿ. ನನ್ನನ್ನ ಒಂದು ಮಾತು ಕೇಳಿದ್ರಾ? ಈಗ ಈ ಮಗೂಗೆ ಅಪ್ಪನೇ ಇಲ್ಲ ಅಂತೀರಿ."

"ಬಾಯಿ ಮುಚ್ಚು! ನಾಳಿದ್ದು ಗಂಡಿನೋರು ನಿನ್ನ ನೋಡೋಕೆ ಬರ್ತಿದ್ದಾರೆ."

"ಬರೋದು ಬೇಡ ಅನ್ನಿ. ಇವನೇ ಅಪ್ಪ ಅಂತ ಕೋರ್ಟಲ್ಲಿ ನಾನು ಹೇಳ್ತೀನಿ."

ಅವನು ಕೈ ಚಾಚುವಷ್ಟರಲ್ಲಿ ಮುದುಕ ಕೂಸನ್ನು ಕಸಿದುಕೊಂಡ. "ಹೊಸ್ತಿಲು ದಾಟಿದ್ರೆ ಮತ್ತೆ ಒಳಗೆ ಕಾಲಿಡೋ ಹಾಗಿಲ್ಲ, ನೋಡು!"

ಅವಳು ಚಪ್ಪಲಿ ಹುಡುಕಲೂ ನಿಲ್ಲದೆ ಬೀದಿಗಿಳಿದಳು. ಬಾಗಿಲು ಧಡಾರನೆ ಮುಚ್ಚಿತು. ಒಳಗೆ ಕೂಸು ಉಸಿರು ಕಟ್ಟುವಂತೆ ಅಳತೊಡಗಿತು. ಅವನ ಕಾಲು ಕದಲಲಿಲ್ಲ.

ಅವಳು ತೋಳು ಹಿಡಿದೆಳೆದಳು. "ನಡಿಯಪ್ಪಾ, ನಿಂತು ಅಳೋಕೆ ನಮಗೆ ಹೊತ್ತಿಲ್ಲ. ನಾಳೆ ಅಣ್ಣ ಬಂದ್ಬಿಡ್ತಾನೆ."