ರಾಶಿಗೆ ಎಳೆದ ವಿಭೂತಿ

ನನ್ನದು ಅನುಮಾನದ ಬುದ್ಧಿ. ಮನೆಯವರೆಲ್ಲ ಹಾಗೆ ಹೇಳುತ್ತಾರೆ, ನಾನೂ ಒಪ್ಪಿಕೊಂಡಿದ್ದೇನೆ. ಹಾಲಿನವನು ನಗುತ್ತಾ ಬಂದರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಅಂದುಕೊಳ್ಳುತ್ತೇನೆ. ಹೊಸಬರು ಯಾರಾದರೂ ನಿಮ್ಮ ತೌರುಮನೆ ಎಲ್ಲಾಯ್ತು ಎಂದು ಕೇಳಿದರಂತೂ ಮೊದಲು ಅವರ ಕಣ್ಣು ನೋಡುತ್ತೇನೆ, ಆಮೇಲೆ ‘ಸಂಸೆ’ ಎನ್ನುತ್ತೇನೆ, ತಕ್ಷಣ ಮಾತು ಬದಲಿಸುತ್ತೇನೆ. ಹಾಗಾಗಿ ಕಣದಲ್ಲಿ ಕಾಫಿ ರಾಶಿ ಕದಡಿದೆ ಎಂದು ಅತ್ತೆ ಕೂಗಿಕೊಂಡಾಗ, ಎಲ್ಲರಿಗಿಂತ ಮೊದಲು ಕಣದ ಆಳು ದೇವರಾಜನ ಮೇಲೆ ಕಣ್ಣಿಟ್ಟವಳು ನಾನೇ.

ನಮ್ಮ ತೋಟ ಕೊಟ್ಟಿಗೆಹಾರದಿಂದ ಸ್ವಲ್ಪ ಒಳಗಿದೆ. ಜನವರಿ ಬಂತೆಂದರೆ ಪಾರ್ಚ್‌ಮೆಂಟ್ ಒಣಗಿಸುವ ಗಡಿಬಿಡಿ. ಸಿಪ್ಪೆ ಸುಲಿದು ತೊಳೆದ ಬೀಜವನ್ನು ಹಗಲೆಲ್ಲ ಸಿಮೆಂಟಿನ ಕಣದಲ್ಲಿ ಹರವುತ್ತೇವೆ. ಸಂಜೆ ಇಬ್ಬನಿ ಬೀಳುವ ಮೊದಲು ಎಳೆದು ರಾಶಿ ಮಾಡಿ ಟಾರ್ಪಾಲು ಮುಚ್ಚುತ್ತೇವೆ. ಮುಚ್ಚುವ ಮುಂಚೆ ನನ್ನ ಅತ್ತೆ ಶಾಂತಕುಮಾರಿ ವಿಭೂತಿಯ ಪುಡಿಯನ್ನು ಬೆರಳ ಸಂದಿಯಿಂದ ಉದುರಿಸುತ್ತಾ ರಾಶಿಯ ಸುತ್ತ ಮೂರೆಳೆ ಗೆರೆ ಬರೆಯುತ್ತಾರೆ. ಶಿವನ ಕಾವಲು ಎಂದು ಅವರ ಮಾತು. ಭಕ್ತಿ ಎಷ್ಟೋ ಗೊತ್ತಿಲ್ಲ, ಉಪಾಯ ಮಾತ್ರ ಗಟ್ಟಿ. ಯಾರ ಕೈ ತಗುಲಿದರೂ ಬೆಳಿಗ್ಗೆ ಗೆರೆ ಹೇಳಿಬಿಡುತ್ತದೆ.

ಈ ಸಲ ಗೆರೆ ಹೇಳಿತು. ಗೋಡೆಯ ಕಡೆಯ ಮಗ್ಗುಲಲ್ಲಿ ಒಂದು ಗುಂಡಿ, ವಿಭೂತಿ ಚೆಲ್ಲಾಪಿಲ್ಲಿ. ಮರುದಿನವೂ ಹಾಗೆಯೇ, ಅದರಾಚೆಗೂ ಹಾಗೆಯೇ. ತೂಕ ಹಾಕಿ ನೋಡೋಣವೆಂದರೆ ಒಣಗುತ್ತಿರುವ ಕಾಫಿ ದಿನದಿಂದ ದಿನಕ್ಕೆ ಹಗುರಾಗುತ್ತಲೇ ಹೋಗುತ್ತದೆ. ಬಿಸಿಲು ಹೀರಿದ್ದೆಷ್ಟು, ಕಳ್ಳ ಹೊತ್ತಿದ್ದೆಷ್ಟು ಎಂದು ಹೇಳುವವರು ಯಾರು? ಕಾಫಿಗೆ ರೇಟು ಏರಿದ ಮೇಲೆ ಸುತ್ತಮುತ್ತಲ ತೋಟಗಳಲ್ಲಿ ಕಳ್ಳತನದ್ದೇ ಮಾತು. ನಮ್ಮ ನಾಯಿ ಒಂದು ಸಲವೂ ಬೊಗಳಿರಲಿಲ್ಲ. ಅಂದರೆ ಒಳಗಿನವರೇ ಎಂದು ನನ್ನ ಗಂಡ ಶಶಿಕಿರಣ್ ತೀರ್ಮಾನಿಸಿದರು.

ಒಳಗಿನವನೆಂದರೆ ದೇವರಾಜ. ಕಣದ ಕೆಲಸಕ್ಕೆ ಈ ಸೀಸನ್ನಿಗೆ ಸೇರಿದವನು, ಹೆಂಡತಿ ಸತ್ತವನು, ಕೊಟ್ಟಿಗೆಹಾರದಲ್ಲಿ ಬಾಡಿಗೆ ರೂಮು ಮಾಡಿಕೊಂಡಿದ್ದೇನೆ ಎಂದಿದ್ದ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡತೊಡಗಿದೆ. ಎಲ್ಲರಿಗಿಂತ ಮೊದಲು ಬರುತ್ತಾನೆ, ಎಲ್ಲರೂ ಹೋದ ಮೇಲೂ ಇರುತ್ತಾನೆ. ಬೆಳಿಗ್ಗೆ ನಮ್ಮ ಕಣದ ನಲ್ಲಿಯಲ್ಲೇ ಮುಖ ತೊಳೆಯುತ್ತಾನೆ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಹಿಂದೆ ಒಂದು ದೊಡ್ಡ ಚೀಲ ಇಟ್ಟುಕೊಂಡಿದ್ದಾನೆ, ಅದರಲ್ಲಿ ಎಂಥದು ಎಂದು ಕೇಳಿದರೆ ಬಟ್ಟೆ ಅನ್ನುತ್ತಾನೆ. ಕೆಲಸಕ್ಕೆ ಬರುವವನಿಗೆ ಅಷ್ಟು ಬಟ್ಟೆ ಯಾಕೆ? ಅವನ ಮಗಳು ಮೇಘಶ್ರೀ ಸ್ಕೂಲಿಗೆ ಹೋಗುವುದೂ ನಮ್ಮ ಕಣದಿಂದಲೇ. ಸ್ಕೂಲು ಕೊಟ್ಟಿಗೆಹಾರದಲ್ಲಿ, ರೂಮೂ ಕೊಟ್ಟಿಗೆಹಾರದಲ್ಲಿ, ಮತ್ತೆ ಹುಡುಗಿ ಬೆಳ್ಳಂಬೆಳಿಗ್ಗೆ ಇಷ್ಟು ದೂರ ಬಂದು ವಾಪಸ್ಸು ಅಲ್ಲಿಗೇ ಹೋಗುವುದೆಂದರೇನು? ಚೀಲದಲ್ಲಿ ಕಾಫಿ ಸಾಗಿಸುವುದು ಇವಳೇ ಎಂದು ಗಂಡನ ಕಿವಿಯಲ್ಲಿ ಊದಿದೆ. ಆ ಮಾತು ನನ್ನ ಬಾಯಿಂದಲೇ ಬಂದದ್ದು.

ಗುರುವಾರ ಬೆಳಿಗ್ಗೆ ಗೆರೆ ಮತ್ತೆ ಅಳಿಸಿತ್ತು. ಶಶಿಕಿರಣ್ ಫೋನ್ ತೆಗೆದು ಪೊಲೀಸಿಗೆ ಹೇಳುತ್ತೇನೆಂದು ಹೊರಟರು. ಅತ್ತೆ ತಡೆದರು. ಪೊಲೀಸಿಗಿಂತ ಮೊದಲು ಆಣೆ ಆಗಲಿ ಎಂದರು. ಒಳಗಿನಿಂದ ವಿಭೂತಿ ಗಟ್ಟಿ ತಂದು ದೇವರಾಜನ ಮುಂದೆ ಹಿಡಿದರು.

“ಇದನ್ನ ಮುಟ್ಟಿ ಹೇಳು ದೇವರಾಜ. ಈ ರಾಶಿಗೆ ಕೈ ಹಾಕಿಲ್ಲ ಅಂತ ಹೇಳು. ನಾನು ನಂಬ್ತೀನಿ, ಮುಗೀತು.”

ಮುಟ್ಟಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಅತ್ತೆ ಆಣೆಯ ವಿಷಯದಲ್ಲಿ ಅಷ್ಟು ಖಡಾಖಂಡಿತ. ಆದರೆ ಅವನು ಕೈ ಮುಂದೆ ಚಾಚಲಿಲ್ಲ. ವಿಭೂತಿ ನೋಡಿದ, ರಾಶಿ ನೋಡಿದ, ತಲೆ ಬಗ್ಗಿಸಿದ. ಕದ್ದಿಲ್ಲ ಅಮ್ಮಾ, ಆದ್ರೆ ಆಣೆ ಮಾಡಲ್ಲ ಎಂದಷ್ಟೇ ಗೊಣಗಿದ. ಆಣೆ ಬೇಡವೆಂದವನು ಕಳ್ಳನಲ್ಲದೆ ಮತ್ಯಾರು ಎಂದು ಅತ್ತೆಯ ಮುಖ ಕಲ್ಲಾಯಿತು. ಶಶಿಕಿರಣ್ ಮತ್ತೆ ಫೋನ್ ಎತ್ತಿದರು.

ಅಷ್ಟರಲ್ಲಿ ಮೇಘಶ್ರೀ ಯೂನಿಫಾರ್ಮ್ ಹಾಕಿಕೊಂಡು ಪಲ್ಪರ್ ಮನೆಯ ಹಿಂದಿನಿಂದ ಬಂದಳು. ಒಂದು ಕೈಯಿಂದ ಕೆನ್ನೆ ಮುಚ್ಚಿಕೊಂಡಿದ್ದಳು. ನನಗೆ ಅದೂ ಅನುಮಾನ. ಬಾಯಲ್ಲೇನೋ ಅಡಗಿಸಿದ್ದಾಳೆ, ಇಲ್ಲವೇ ಅಪ್ಪ ಹೊಡೆದಿದ್ದಾನೆ. ಕೈ ತೆಗಿ ಎಂದು ಗದರಿದೆ. ಅವಳು ತೆಗೆಯಲಿಲ್ಲ. ನಾನೇ ಎಳೆದೆ.

ಕೆನ್ನೆಯ ಮೇಲೆ ಕಾಫಿ ಬೀಜದ ಅಚ್ಚು ಮೂಡಿತ್ತು. ಒತ್ತೊತ್ತಾಗಿ, ಕೆಂಪಗೆ, ಪ್ರತಿಯೊಂದರ ನಡುವೆಯೂ ಸೀಳಿನ ಗೆರೆ. ಕಿವಿಯ ಹಿಂದಿನ ಕೂದಲಲ್ಲಿ ವಿಭೂತಿಯ ಬೂದಿ.

ಆ ಅಚ್ಚು ನನಗೆ ಗೊತ್ತು. ನನ್ನ ಕೆನ್ನೆಯ ಮೇಲೂ ಮೂಡುತ್ತಿತ್ತು.

ನನ್ನ ಅಪ್ಪ ಕಳಸದ ಹತ್ತಿರದ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಅವರು ತೀರಿಕೊಂಡ ಮೇಲೆ ಕ್ವಾರ್ಟರ್ಸ್ ಬಿಟ್ಟುಕೊಡಬೇಕಾಯಿತು. ಬಂಧುಗಳೆಲ್ಲ ಬಾಗಿಲಲ್ಲೇ ಮಾತಾಡಿಸಿ ಕಳಿಸಿದರು. ಆ ಚಳಿಗಾಲ ಅಮ್ಮ ಇನ್ನೊಂದು ತೋಟದ ಕಣದಲ್ಲಿ ಕೂಲಿ ಮಾಡಿದಳು. ಕೆಲಸವಿಲ್ಲದ ದಿನ ನಡೆದುಕೊಂಡು ಹೊರನಾಡಿಗೆ ಹೋಗಿ ದೇವಸ್ಥಾನದ ಊಟ ಮಾಡುತ್ತಿದ್ದೆವು. ಹೊತ್ತು ಮುಳುಗಿದ ಮೇಲೆ ಅದೇ ಕಣದ ಟಾರ್ಪಾಲಿನ ಅಂಚು ಎತ್ತಿ ಒಳಗೆ ನುಸುಳುತ್ತಿದ್ದೆವು. ಹಗಲು ಕಾದ ಬೀಜ ಬೆಳಗಿನವರೆಗೂ ಬೆಚ್ಚಗಿರುತ್ತದೆ, ಹೊದಿಕೆಯೇ ಬೇಡ. ಮೈಯಡಿ ಗೋಣಿ ಹಾಸಿದರೂ ಕೆನ್ನೆ ಮಾತ್ರ ಜಾರಿ ಬೀಜದ ಮೇಲೇ ಬೀಳುತ್ತಿತ್ತು. ಒಮ್ಮೆ ಸ್ಕೂಲಿನಲ್ಲಿ ಪಕ್ಕದ ಹುಡುಗಿ ಇದೆಂಥದು ಎಂದು ಬೆರಳಿಟ್ಟು ಕೇಳಿದಳು, ಇಡೀ ಬೆಂಚು ಬಗ್ಗಿ ನೋಡಿತು. ಆ ದಿನ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು. ಯಾರು ಕೇಳಿದರೂ ಮನೆ ಸಂಸೆಯಲ್ಲಿದೆ ಅನ್ನು ಎಂದು ಅಮ್ಮ ಹೇಳಿಕೊಟ್ಟಳು.

ಮುಂದೆ ಅಮ್ಮನಿಗೆ ಮೂಡಿಗೆರೆಯ ಹಾಸ್ಟೆಲಿನಲ್ಲಿ ಅಡಿಗೆ ಕೆಲಸ ಸಿಕ್ಕಿತು, ನಾನು ಓದಿದೆ, ಮದುವೆಯಾಯಿತು. ಸಂಸೆಯ ಮನೆ ಮಾತ್ರ ನನ್ನ ಜೊತೆ ಬಂತು. ಮಾತಿನಲ್ಲೇ ಅದಕ್ಕೆ ಜಗಲಿ ಕಟ್ಟಿದೆ, ಬಾವಿ ತೋಡಿದೆ. ಗಂಡ ಒಂದು ಸಲ ನೋಡಿ ಬರೋಣ ಎಂದಾಗ ಮಳೆಗೆ ಕುಸಿಯಿತು ಎಂದೆ. ಅಮ್ಮ ಕೂಡ ಸಾಯುವವರೆಗೆ ಬಾಯಿ ಬಿಡಲಿಲ್ಲ.

ಈಗ ದೇವರಾಜ ಯಾಕೆ ಆಣೆ ಮಾಡಲಿಲ್ಲ ಎಂದು ಅರ್ಥವಾಯಿತು. ರಾಶಿಗೆ ಅವನ ಕೈ ತಗುಲಿದ್ದು ನಿಜ. ಸುಳ್ಳು ಆಣೆ ಮಾಡಲಾರ. ಮಗಳನ್ನು ಅಲ್ಲಿ ಮಲಗಿಸುತ್ತೇನೆ ಎಂದರೆ ಮನೆಯಿಲ್ಲವೆಂದು ಹೇಳಬೇಕು. ಅದಕ್ಕಿಂತ ಕಳ್ಳನಾಗುವುದೇ ವಾಸಿ ಎಂದು ನಿಂತುಬಿಟ್ಟಿದ್ದಾನೆ. ಥೂ, ಎಂಥ ಮನುಷ್ಯ ಎಂದು ಸಿಟ್ಟು ಬಂತು. ಆಮೇಲೆ ನಾನು ಮಾಡುತ್ತಿರುವುದೂ ಅದೇ ಅಲ್ಲವೇ ಅನ್ನಿಸಿತು. ಸುಮ್ಮನಿದ್ದರೆ ನನ್ನ ಸಂಸೆಯ ಮನೆ ಉಳಿಯುತ್ತದೆ, ಇವನು ಸ್ಟೇಷನ್ನಿಗೆ ಹೋಗುತ್ತಾನೆ, ಈ ಹುಡುಗಿ ಕಳ್ಳನ ಮಗಳಾಗುತ್ತಾಳೆ. ಆ ಕಡೆಯವರು ಫೋನ್ ಎತ್ತಿಯೂ ಆಗಿತ್ತು, ಶಶಿಕಿರಣ್ ತೋಟದ ಹೆಸರು ಹೇಳುತ್ತಿದ್ದರು.

“ಫೋನ್ ಇಡಿ,” ಎಂದೆ. “ಅದು ಕಾಫಿ ತೆಗೆದ ಗುಂಡಿ ಅಲ್ಲ. ಮಲಗಿದ ಗುಂಡಿ.”

ಅವರು ಫೋನ್ ಕಿವಿಯಿಂದ ಸರಿಸಿದರು. ನಿಂಗೆ ಹೇಗೆ ಗೊತ್ತು ಎಂದು ಅತ್ತೆ ಕೇಳಿದರು. ಅವರ ದನಿಯಲ್ಲಿ ಅನುಮಾನವಿತ್ತು, ನಾನೂ ಇದರಲ್ಲಿ ಶಾಮೀಲೋ ಎಂಬಂತೆ.

“ನಾನೂ ಹೀಗೇ ಮಲಗ್ತಿದ್ದೆ ಅತ್ತೆ. ಸಣ್ಣವಳಿದ್ದಾಗ, ಅಮ್ಮನ ಜೊತೆ, ಬೇರೆಯವರ ಕಣದಲ್ಲಿ. ನಮಗೆ ಮನೆ ಇರ್ಲಿಲ್ಲ. ಸಂಸೆಯಲ್ಲೂ ಇರ್ಲಿಲ್ಲ, ಎಲ್ಲೂ ಇರ್ಲಿಲ್ಲ.”

ಮೊದಲು ದುಃಖ ಒಡೆದದ್ದು ದೇವರಾಜನಿಗೆ. ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತ. ರೂಮಿನ ಓನರ್ ಟೂರಿಸ್ಟರಿಗೆ ಹೋಂಸ್ಟೇ ಮಾಡುತ್ತೇನೆಂದು ಖಾಲಿ ಮಾಡಿಸಿದನಂತೆ. ಹೊಸ ರೂಮು ಕೇಳಿದಲ್ಲೆಲ್ಲ ಒಂಟಿ ಗಂಡಸಿಗೆ, ಅದೂ ಹೆಣ್ಣುಮಗು ಜೊತೆಗಿರುವವನಿಗೆ ಕೊಡುವುದಿಲ್ಲ ಎಂದರಂತೆ. ಸೀಸನ್ ಮುಗಿಯುವವರೆಗೆ ಹೇಗಾದರೂ ದೂಡೋಣವೆಂದು ಮಗಳನ್ನು ಟಾರ್ಪಾಲಿನಡಿ ಮಲಗಿಸಿ ತಾನು ಹೊರಗೆ ಕೂರುತ್ತಿದ್ದನಂತೆ. ನಾಯಿ ಅವನ ಕಾಲ ಬುಡದಲ್ಲೇ ಮಲಗುತ್ತಿತ್ತಂತೆ.

ಅತ್ತೆ ಅವನ ಮಾತನ್ನೂ ಸುಮ್ಮನೆ ನಂಬಲಿಲ್ಲ. ತಾವೇ ಹೋಗಿ ಬಗ್ಗಿ ಗುಂಡಿಯೊಳಗೆ ಕೈಯಿಟ್ಟರು. ಬೀಜದಡಿ ಹೂತಿದ್ದ ಗೋಣಿ ಎಳೆದರು, ಅದರಡಿಯಿಂದ ಒಂದು ಕೆಂಪು ಟೇಪು ಸಿಕ್ಕಿತು, ಜಡೆಗೆ ಕಟ್ಟುವುದು. ಅದನ್ನು ಕೊಡವಿ ಮೇಘಶ್ರೀಯ ಕೈಗೆ ಕೊಟ್ಟರು. ಗೋಡೌನ್ ಪಕ್ಕದ ರೂಮಿನ ಬೀಗದ ಕೈ ತಗೊಂಡು ಬಾ ಎಂದು ಮಗನಿಗೆ ಹೇಳಿದರು. ಶಶಿಕಿರಣ್ ಹೋಗುತ್ತಾ ನನ್ನನ್ನೇ ನೋಡುತ್ತಿದ್ದರು. ಕುಸಿದುಹೋದ ಆ ಮನೆಯ ಬಗ್ಗೆ ಅವರಿಗೆ ಕೇಳಲು ಬಹಳ ಇದೆ, ಕೇಳಲಿ.

ಅತ್ತೆ ಕೈಯ ಬೂದಿ ಸೆರಗಿಗೆ ಒರೆಸಿಕೊಂಡು ನನ್ನ ಹತ್ತಿರ ಬಂದರು.

“ಇಷ್ಟು ವರ್ಷ ನನ್ನ ಮೇಲೂ ಅನುಮಾನ ಇತ್ತಾ ನಿಂಗೆ?”

“ಇತ್ತು ಅತ್ತೆ.”

ಅವರು ಬೈಯಲಿಲ್ಲ. ತಲೆಯಾಡಿಸಿ, ಹುಡುಗಿಗೆ ಎರಡು ರೊಟ್ಟಿ ಬಿಸಿ ಮಾಡುತ್ತೇನೆಂದು ಒಳಗೆ ಹೋದರು. ಆ ನೋವು ಅವರಿಗೆ ಉಳಿಯುತ್ತದೆ, ನನಗೆ ಗೊತ್ತು.

ಮೇಘಶ್ರೀ ನನ್ನ ಪಕ್ಕದಲ್ಲೇ ನಿಂತಿದ್ದಳು. ಸ್ಕೂಲಿಗೆ ಹೊತ್ತಾಗುತ್ತಿತ್ತು. ಅವಳ ಚಿಂತೆ ಬೇರೆಯೇ ಇತ್ತು.

“ಆಂಟಿ, ಇದು ನಿಮಗೆ ಎಷ್ಟೊತ್ತಿಗೆ ಹೋಗ್ತಿತ್ತು?” ಕೆನ್ನೆ ತೋರಿಸಿ ಮೆಲ್ಲಗೆ ಕೇಳಿದಳು.

ಸ್ಕೂಲಿನ ಬೆಲ್ ಹೊಡೆಯುವಷ್ಟರಲ್ಲಿ ಹೋಗುತ್ತದೆ ಎಂದು ಹೇಳಲು ಬಾಯಿ ತೆರೆದೆ. ಈ ಒಂದು ಸಲ ಸುಳ್ಳು ಬರಲಿಲ್ಲ.

“ಇವತ್ತು ಬೆಳಿಗ್ಗೆವರೆಗೂ ಇತ್ತು ಮರಿ,” ಎಂದೆ. ಅವಳ ಕೈಯಿಂದ ಟೇಪು ತೆಗೆದುಕೊಂಡು ಜಡೆ ಕಟ್ಟಿದೆ.