ಎದ್ದು ಹೋದ ಅಪ್ಪ

ಕಿಲಿಫಿಯ ಕಡಲಂಚಿಗೆ ಅಣುವಿದ್ಯುತ್ ಸ್ಥಾವರ ಬರುವುದು ಖಂಡಿತ ಎಂದು ಚೀಫ್ ಸಾಹೇಬರು ಸಭೆ ಕರೆದು ಸಾರಿದ ಮೇಲೆ ಮೀನುಗಾರ ಕಿಟ್ಸಾವೊನ ತಲೆಯಲ್ಲಿ ಒಂದೇ ಕೊರೆತ: ಅಪ್ಪನ ಗತಿಯೇನು? ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ನಿಜ. ಆದರೆ ಅವರ ಗಿರಿಯಾಮಾ ಕುಲದ ಹಿರಿಯರು ಸತ್ತ ಮಾತ್ರಕ್ಕೆ ಮನೆ ಬಿಡುವವರಲ್ಲ. ತಮ್ಮ ಹೆಸರಿಗೆ ಕೆತ್ತಿ ನಿಲ್ಲಿಸಿದ ಕಂಬದಲ್ಲಿ, ಅಂಗಳದ ಪಕ್ಕದಲ್ಲೇ ಇರುತ್ತಾರೆ. ಆ ಕಂಬವೋ ಸರ್ವೇಯವರು ನೆಟ್ಟ ಕಲ್ಲುಗಳ ಒಳಗೇ ಸಿಕ್ಕಿಕೊಂಡಿತ್ತು. ಬೇಲಿ ಬಿದ್ದರೆ ಅಪ್ಪನಿಗೆ ಒಂದು ತೊಟ್ಟು ಕಳ್ಳು ಎರೆಯಲಿಕ್ಕೂ ಕಾವಲುಗಾರನ ಅಪ್ಪಣೆ ಬೇಕು.

"ನಿಂತ ಕಂಬ ಕೀಳೋ ಹಾಗಿಲ್ಲ," ಎಂದರು ಊರ ಹಿರಿಯ ಮ್ವಗಾಂಡಿ. "ಬೇರೆ ಕಡೆ ಚಿಕ್ಕ ಕಂಬ ನೆಟ್ಟು ಅವನನ್ನ ಅಲ್ಲಿಗೆ ಕರಿ. ನೀನೂ ಅಲ್ಲೇ ಬಾಳಬೇಕು. ಆದ್ರೆ ಕರೆಯೋದು ಒಂದೇ ಸಲ, ತಿಳ್ಕೋ. ಅವನೇನು ಆಡುಮರಿಯಲ್ಲ, ಹಗ್ಗ ಹಿಡಿದು ಅತ್ತ ಇತ್ತ ಎಳೆಯೋಕೆ."

ಹೆಂಡತಿ ನ್ಯೆವು ಒಪ್ಪಲಿಲ್ಲ. "ಸ್ವಲ್ಪ ತಡೀರಿ ಮಾರಾಯ್ರೆ! ರಸ್ತೆ ಹಾಕಿಸ್ತೀವಿ ಅಂತ ಹೇಳಿ ಎಷ್ಟು ಚುನಾವಣೆ ಕಳೀತು? ಸ್ಥಾವರ ಮಾತ್ರ ನಾಳೆನೇ ಬಂದುಬಿಡುತ್ತಾ?"

"ರಸ್ತೆ ಬರದಿದ್ರೆ ನಾವು ನಡ್ಕೊಂಡು ಹೋಗ್ತೀವಿ. ಬೇಲಿ ಬಂದ್ರೆ ಅಪ್ಪ ಹೆಂಗೆ ದಾಟ್ತಾನೆ ಕಣೆ?"

ಅವನು ತಡೆಯಲಿಲ್ಲ. ಒಳನಾಡಿನಲ್ಲಿ, ಭಾವಮೈದುನನ ಜೋಳದ ಹೊಲದ ಮೂಲೆಯಲ್ಲಿ ಚಿಕ್ಕ ಕಂಬ ನೆಟ್ಟ, ಆಡು ಕೊಯ್ದ, ಕಳ್ಳು ಎರೆದು ಅಪ್ಪನನ್ನು ಹೆಸರು ಹಿಡಿದು ಕರೆದ. ಹುಟ್ಟಿದಂದಿನಿಂದ ಉಪ್ಪುನೀರಲ್ಲೇ ಬೆಳೆದ ಜೀವ ಅದು. ಅಲ್ಲಿ ಸಮುದ್ರದ ವಾಸನೆಯೂ ಇಲ್ಲ. "ಬಾ ಅಪ್ಪ, ಇಲ್ಲಿ ನಿನ್ನ ತಂಟೆಗೆ ಯಾರೂ ಬರಲ್ಲ," ಎಂದ ಕಿಟ್ಸಾವೊ. ಮನೆ ಖಾಲಿ ಮಾಡಿ ದೋಣಿ ಮಾರಲು ಊರಿಗೆ ಹಿಂತಿರುಗಿದ.

ಅಷ್ಟರಲ್ಲಿ ಊರು ತಿರುಗಿ ಬಿದ್ದಿತ್ತು. ಹೆಂಗಸರು ಸರ್ವೇ ಜೀಪಿಗೆ ಅಡ್ಡ ಮಲಗಿದರು, ವಕೀಲರು ಬಂದರು, ಪೊಲೀಸರು ಲಾಠಿ ಬೀಸಿದರು. ಕೊನೆಗೆ ನೈರೋಬಿಯಿಂದ ಅಧಿಕಾರಿಯೊಬ್ಬ ಬಂದು ಮಾವಿನ ಮರದ ಕೆಳಗೆ ನಿಂತು, ಈ ಜಾಗಕ್ಕೆ ಮಂಜೂರಾತಿ ಇಲ್ಲ, ಸ್ಥಾವರ ಬೇರೆ ಕಡೆಗೆ ಹೋಯಿತು ಎಂದ. ಅಬ್ಬಾ, ಆ ಕೇಕೆ! ಮುದುಕಿಯರೂ ಕುಣಿದರು. ಚಪ್ಪಾಳೆ ಕೇಳಿ ಅಧಿಕಾರಿ ಉಬ್ಬಿಹೋದ.

"ನೋಡಿ, ಈ ಯೋಜನೆಗೋಸ್ಕರ ನಿಮ್ಮೂರಿಂದ ಒಬ್ರನ್ನೂ ಎಬ್ಬಿಸಿಲ್ಲ!"

ಕಿಟ್ಸಾವೊ ಎದ್ದು ನಿಂತ. "ಒಬ್ರು ಎದ್ದು ಹೋದ್ರು ಸಾರ್."

"ಯಾರು?"

"ನಮ್ಮಪ್ಪ."

"ಅಷ್ಟೇ ತಾನೆ? ವಾಪಸ್ ಕರೀರಿ, ಯಾರು ಬೇಡ ಅಂತಾರೆ?"

ಹುಡುಗರು ಕಿಸಕ್ಕನೆ ನಕ್ಕರು. ಮ್ವಗಾಂಡಿ ತಲೆ ತಗ್ಗಿಸಿದರು. ಕಿಟ್ಸಾವೊ ಕೂತ. ಅವನಿಗೆ ಸಿಟ್ಟು ಬಂದಿದ್ದು ಅಧಿಕಾರಿಯ ಮೇಲಲ್ಲ, ತನ್ನ ಹಾಳು ಆತುರದ ಮೇಲೆ.

ಮನೆಗೆ ಬಂದರೆ ನ್ಯೆವು ಮಡಕೆಗಳಿಗೆ ಹುಲ್ಲು ಸುತ್ತಿ ಗಂಟು ಕಟ್ಟುತ್ತಿದ್ದಳು.

"ಬಿಚ್ಚೇ ಅದನ್ನ. ಊರು ಉಳೀತಂತೆ."

"ಕೇಳಿಸ್ತು." ಅವಳು ಗಂಟನ್ನು ಇನ್ನಷ್ಟು ಬಿಗಿದಳು. "ಮಾವ ಅಲ್ಲಿ ಒಬ್ರೇ ಇದಾರೆ. ಆ ತುದಿ ಹಿಡ್ಕೊಳ್ಳಿ."