ಮೆತ್ತನೆಯ ಅರಿವೆ

ಸುಶೀಲವ್ವ ಆ ಗಿಡ ಮುರಿದದ್ದು ಕೈತಪ್ಪಿ ಅಲ್ಲ. ಬೆಳಿಗ್ಗೆ ಹತ್ತೂವರೆಗೆ, ಬೇಲಿಯ ಆಚೆ ಯಾರೂ ಇಲ್ಲವೆಂದು ನೋಡಿಕೊಂಡು, ಬೇಕೆಂದೇ ಮುರಿದಳು.

ಮಗ ನಿಜಗುಣ ಬರ್ಲಿಂಗ್ಟನ್ನಿನ ಫ್ಯಾಕ್ಟರಿಗೆ, ಸೊಸೆ ಶಿವಾನಿ ಪೋರ್ಟ್ ಕ್ರೆಡಿಟ್ಟಿನ ಹಲ್ಲಿನ ಕ್ಲಿನಿಕ್ಕಿಗೆ ಹೋದ ಮೇಲೆ ಪರದೇಶದ ಎರಿನ್ ಮಿಲ್ಸಿನ ಆ ಮನೆಯಲ್ಲಿ ಅವಳೊಬ್ಬಳೇ. ಹಿತ್ತಿಲಲ್ಲಿ ಟೊಮೆಟೊ ಕುಂಡಗಳ ಹಿಂದೆ ಸೊಂಟದೆತ್ತರ ಬೆಳೆದಿದ್ದ ಗಿಡವನ್ನು ಮಗ "ಶೋದ ಗಿಡ" ಎಂದಿದ್ದ. ಶೋದ ಗಿಡವಂತೆ! ಕೈಬೆರಳಿನಂತೆ ಬಿಡಿಸಿಕೊಂಡ ಆ ಎಲೆ, ಆ ವಾಸನೆ, ಅವಳಿಗೆ ತಿಳಿಯದ್ದೇ? ಅವಳ ತಮ್ಮ ರುದ್ರಪ್ಪ ಇಪ್ಪತ್ತೆರಡನೇ ವಯಸ್ಸಿಗೆ ಗಾಂಜಾದ ಚಿಲುಮೆ ಹಿಡಿದವನು ಒಂದು ದಿನ ಮನೆ ಬಿಟ್ಟು ಹೋಗಿ, ಮತ್ತೆ ಬರಲಿಲ್ಲ. ಅವ್ವ ಸಾಯುವವರೆಗೂ ಅವನ ಪಾಲಿನ ರೊಟ್ಟಿ ತೆಗೆದಿಡುತ್ತಿದ್ದಳು. ಈಗ ನಿಜಗುಣನೂ ಮಾರ್ಚ್ ತಿಂಗಳಿನಿಂದ ಮಾತು ಬಿಟ್ಟಿದ್ದಾನೆ, ಶಿಫ್ಟ್ ಮುಗಿಸಿ ಬಂದು ಹಿತ್ತಿಲಲ್ಲಿ ಒಬ್ಬನೇ ಕೂರುತ್ತಾನೆ. ಇನ್ನೇನು ಬೇಕು? ಎರಡಕ್ಕೆರಡು ಕೂಡಿಸಿ ನಾಲ್ಕು ಮಾಡಿಕೊಂಡಳು.

ಬಗ್ಗಿಸಿ ಒತ್ತಿದಾಗ ಕಾಂಡ ಪೂರ್ತಿ ಮುರಿಯಲಿಲ್ಲ. ಕವಲಿನಿಂದ ಕೆಳಕ್ಕೆ ಒಂದು ಗೇಣು ಸೀಳಿ, ಅರ್ಧ ಗಿಡ ಪಕ್ಕಕ್ಕೆ ಜೋತುಬಿತ್ತು. ಬಿಸಿಲಿಗೆ ತಾನೇ ಒಣಗುತ್ತದೆ, ಕೇಳಿದರೆ ಗಾಳಿಗೆ ಮುರಿಯಿತು ಅಂದರಾಯಿತು ಎಂದುಕೊಂಡು ಒಳಗೆ ಹೋಗಿ ಕೈ ತೊಳೆದಳು. ಎರಡು ಸಲ ಸೋಪು ಹಚ್ಚಿದರೂ ಬೆರಳಿನ ಅಂಟು ಹೋಗಲಿಲ್ಲ.

ಹನ್ನೆರಡೂವರೆಗೆ ಶಿವಾನಿಯ ಫೋನು ಬಂತು.

"ಅತ್ತೀ, ಊಟಾ ಆತೇನ್ರಿ? ಸಂಜೀಕ ಮಳಿ-ಗಾಳಿ ಅಂತ ಅಲರ್ಟ್ ಬಂದೈತ್ರಿ. ಹಿತ್ತಲದಾಗ ಹಿಂದಿನ ದೊಡ್ಡ ಪಾಟ್ ಒಂದ ಗ್ವಾಡಿ ಕಡೆ ಸರಸ್ತೀರೇನ್ರಿ?"

"ಆ ಗಿಡಾನ? ಅದು ನಿಜಗುಣಂದಲ್ಲೇನ?"

ಆ ಕಡೆ ಶಿವಾನಿ ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿಸಿತು.

"ನಂದ್ರಿ. ನೀವು ತಪ್ಪು ತಿಳೀತೀರಿ, ಹೇಳಬ್ಯಾಡ ಅಂದಿದ್ರು ಅವರು. ಇಲ್ಲೆ ಮನಿಗೆ ನಾಲ್ಕು ಗಿಡ ಲೀಗಲ್ ಐತ್ರಿ. ಮಾರ್ಚ್‌ನಿಂದ ನನಗ ನಿದ್ದಿ ಇಲ್ಲಲ್ರಿ, ಡಾಕ್ಟರಿಗೂ ಕೇಳೇನಿ." ಅವಳ ಧ್ವನಿ ಸಣ್ಣದಾಯಿತು. "ನಿದ್ದಿ ಮಾತು ಬಿಡ್ರಿ. ಬೀಜ ಹಾಕಿ ನಾನ ಬೆಳಸೇನಿ. ಒಂದೊಂದು ಎಲಿ ಬಂದಾಗ, ನನ್ನ ಕೈಯಾಗೂ ಏನರ ಉಳೀತೈತಿ ಅನಸತೈತ್ರಿ. ಬ್ರೇಕ್ ಮುಗೀತು, ಇಡ್ತೀನ್ರಿ."

ಫೋನು ಇಟ್ಟ ಮೇಲೂ ಸುಶೀಲವ್ವ ನಿಂತೇ ಇದ್ದಳು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ ಎಂದು ಊರಿಗೆಲ್ಲ ಹೇಳುತ್ತಿದ್ದವಳು ಅವಳೇ. ಶಿವಾನಿ ಬರುವುದು ಆರಕ್ಕೆ.

ಹಿತ್ತಿಲಿಗೆ ಓಡಿದಳು. ಜೋತುಬಿದ್ದ ಕಡೆಯ ಎಲೆಗಳು ಆಗಲೇ ಬಾಡಿದ್ದವು, ಸೀಳಿನ ಒಳಗಿನ ಹಸಿರು ಇನ್ನೂ ಒದ್ದೆಯಾಗಿತ್ತು. ತವರಿನಲ್ಲಿ ಆಡುಮರಿಯ ಕಾಲು ಮುರಿದರೆ ಅಪ್ಪ ಬಿದಿರು ಕಡ್ಡಿ ಇಟ್ಟು ಕಟ್ಟುತ್ತಿದ್ದ. ಕಾಲಿಗೆ ನಡೆಯುವುದು ಕಾಂಡಕ್ಕೆ ನಡೆಯಬಾರದೇ? ಅಡುಗೆಮನೆಯ ಡ್ರಾಯರಿನಲ್ಲಿ ಚೈನೀಸ್ ಊಟದ ಜತೆ ಬಂದ ಕಡ್ಡಿಗಳು ಸಿಕ್ಕವು. ಕಟ್ಟುವುದಕ್ಕೆ ಏನು? ಟೇಪು ಹಚ್ಚಿ ನೋಡಿದಳು, ಕೀಳುವಾಗ ಸಿಪ್ಪೆಯೂ ಜತೆಗೆ ಎದ್ದು ಬಂತು. ಅಡುಗೆಮನೆಯ ಬಟ್ಟೆಗಳೆಲ್ಲ ಒರಟು.

ಮೆತ್ತನೆಯ ಅರಿವೆ ಆ ಮನೆಯಲ್ಲಿ ಒಂದೇ ಕಡೆ ಇತ್ತು. ಅದು ನೆನಪಾದದ್ದೇ ಅವಳು ಟೇಪನ್ನು ಕೆಳಗಿಟ್ಟಳು.

ಮಾರ್ಚಿನಲ್ಲಿ ಅವಳು ಸೊಸೆಯ ಬಾಣಂತನಕ್ಕೆಂದು ಬಂದಿದ್ದಳು. ಬಾಣಂತಿಗೆ ತಿನ್ನಲು ಅಂಟಿನ ಉಂಡೆ, ಕೂಸಿನ ತಲೆಗೆ ಕುಂಚಿಗೆ, ಹಾಸಲು ಒಗೆದೊಗೆದು ಮೆತ್ತಗಾದ ತನ್ನ ಹಳೆಯ ಸೀರೆಗಳ ಗಂಟು ತಂದಿದ್ದಳು. ವಿಮಾನ ಇಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು, ಕೂಸು ಉಳಿದಿರಲಿಲ್ಲ. ಗಂಟು ಅಂದಿನಿಂದ ಅವಳ ಮಂಚದ ಕೆಳಗೇ ಇತ್ತು. ಶಿವಾನಿ ಆ ಕೋಣೆ ಗುಡಿಸುವಾಗ ಮಂಚದ ಕೆಳಗೆ ಬಗ್ಗಿ ನೋಡುತ್ತಿರಲಿಲ್ಲ.

ಸುಶೀಲವ್ವ ಗಂಟು ಬಿಚ್ಚಿದಳು. ಅಂಜುತ್ತಲೇ ಒಂದು ನೀಲಿ ಸೀರೆಯ ಅಂಚನ್ನು ಹಲ್ಲಿನಿಂದ ಕಚ್ಚಿ ಹರಿದಳು.

ಸೀಳಿನ ಎರಡು ತುಟಿ ಕೂಡಿಸಿ, ನಡುವೆ ಕೂದಲೆಳೆಯಷ್ಟೂ ಸಂದು ಬಿಡದೆ ಒತ್ತಿ ಹಿಡಿದು, ಸುತ್ತಲೂ ಕಡ್ಡಿ ಇಟ್ಟು, ಕೆಳಗಿನಿಂದ ಮೇಲಕ್ಕೆ ಪಟ್ಟಿ ಸುತ್ತಿದಳು. ಪೊರಕೆಯ ಕೋಲು ನೆಟ್ಟು ಗಿಡವನ್ನು ಅದಕ್ಕೆ ಆನಿಸಿದಳು. ನೋಯುವ ಮೊಣಕಾಲನ್ನು ಬೈಯುತ್ತ ಕುಂಡವನ್ನು ಗೋಡೆಯ ನೆರಳಿಗೆ ಎಳೆದಳು. ಮೂರಕ್ಕೆ ನೋಡಿದಳು, ಎಲೆ ಬಾಡಿಯೇ ಇತ್ತು. ನಾಲ್ಕಕ್ಕೂ ಹಾಗೇ. ಐದಕ್ಕೆ ಗಾಳಿ ಎದ್ದಾಗ ಸ್ಟೂಲು ತಂದು ಪಕ್ಕದಲ್ಲೇ ಕೂತು ಎರಡೂ ಕೈಯಿಂದ ಕಾಂಡ ಹಿಡಿದುಕೊಂಡಳು. ಗಿಡ ಸತ್ತರೆ ಆ ಹುಡುಗಿಯ ಮುಖ ನೋಡುವುದು ಹೇಗೆ ಎಂಬುದೊಂದೇ ಚಿಂತೆ. ಗಾಳಿಗೆ ಮುರಿಯಿತು ಎಂಬ ಮಾತು ನಾಲಿಗೆಯ ತುದಿಯಲ್ಲೇ ಸಿದ್ಧವಾಗಿತ್ತು. ಈಗಂತೂ ಗಾಳಿಯೂ ಸಾಕ್ಷಿಗೆ ಬಂದು ನಿಂತಿತ್ತು.

ಶಿವಾನಿ ಬಂದಾಗ ಮಳೆ ಹನಿಯುತ್ತಿತ್ತು. ಅತ್ತೆಯನ್ನೂ ಗಿಡವನ್ನೂ ನೋಡಿ ಬಾಗಿಲಲ್ಲೇ ನಿಂತಳು.

"ಗಾಳಿಗೆ ಸೀಳಿತೇನ್ರಿ?"

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು.

"ಗಾಳಿ ಅಲ್ಲವಾ," ಎಂದಳು ಸುಶೀಲವ್ವ. "ನಾನ ಮುರದೆ. ನಿಜಗುಣ ಸೇದತಾನ, ನಮ್ಮ ರುದ್ರಪ್ಪನಂಗ ಆಗತಾನ ಅಂತ ಅಂಜಿ ಮುರದೆ. ನಿಂದು ಅಂತ ಗೊತ್ತಿರಲಿಲ್ಲ."

ಶಿವಾನಿ ಬ್ಯಾಗು ಇಟ್ಟು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಪಟ್ಟಿಯ ಮೇಲೆ ಬೆರಳಾಡಿಸುತ್ತ ಹೋದವಳು ನೀಲಿ ಅಂಚು ಸಿಕ್ಕಲ್ಲಿ ನಿಂತಳು.

"ಇದು ಆ ಗಂಟಿನ ಅರಿವಿ ಏನ್ರಿ?"

"ಹೌದವಾ. ಮನ್ಯಾಗ ಇದರಷ್ಟು ಮೆತ್ತಗಿಂದು ಬ್ಯಾರೆ ಇರಲಿಲ್ಲ."

ಸೊಸೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ ಎಂದು ಸುಶೀಲವ್ವ ಅಂದುಕೊಂಡಳು. ಶಿವಾನಿ ತುಂಬ ಹೊತ್ತು ಆ ಅಂಚನ್ನೇ ಹಿಡಿದು ಕೂತಿದ್ದಳು. ಕೆನ್ನೆಯ ಮೇಲಿನದು ಮಳೆಯಲ್ಲ ಎಂದು ಅತ್ತೆಗೆ ಗೊತ್ತಾಯಿತು.

"ಮ್ಯಾಲಿನ ಕಟ್ಟು ಸಡ್ಲ ಐತ್ರಿ," ಎಂದಳು ಕೊನೆಗೆ. "ಇನ್ನೊಂದು ಪಟ್ಟಿ ಬೇಕು."

"ತಡಿ, ತರ್ತೇನಿ."

"ಬ್ಯಾಡ್ರಿ. ನೀವು ಗಟ್ಟ್ಯಾಗಿ ಹಿಡಕೊಂಡಿರ್ರಿ. ನಾನ ತರ್ತೇನಿ."

ಸುಶೀಲವ್ವ ಕೈ ಸಡಿಲಿಸದೆ ಕೂತಳು. ಮಳೆ ಜೋರಾಯಿತು. ಒಳಗೆ ಮಂಚ ಸರಿದ ಸದ್ದು, ಆಮೇಲೆ ಏನೂ ಇಲ್ಲ. ಎಷ್ಟೋ ಹೊತ್ತಿನ ಮೇಲೆ, ಅವಳ ಕೋಣೆಯ ಕಿಟಕಿಯಿಂದ ಅರಿವೆ ಹರಿಯುವ ಸದ್ದು ಕೇಳಿಸಿತು.